ಥಂಡಿಯ ಎರಡು ದಿನ, ತೊರವಿಯ ನೀರು

ಥಂಡಿ ಬೀಳುತ್ತಲೇ ಪತ್ರಿಕೆಗಳ ಪುರವಣಿಗಳಲ್ಲಿ ಎರಡು ದಿನದ ಪ್ರವಾಸದ ಪಟ್ಟಿಗಳು ಶುರುವಾಗುತ್ತವೆ. ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡ ಮನೆಗಳಿಗೆ ಅವು ತೋರಿಸುವುದು ಪುಣೆ, ಕೊಲ್ಲಾಪುರ, ಮಹಾಬಳೇಶ್ವರ. ಪಕ್ಕದ ವಿಜಯಪುರವನ್ನು ಯಾರೂ ಪ್ರವಾಸದ ಊರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದವಾಖಾನೆಯ ಊರು, ಸಂತೆಯ ಊರು, ಬೀಗರ ಊರು. ಆದರೆ ಜತ್ತಿನವರು ಥಂಡಿಯಲ್ಲಿ ಎರಡು ದಿನ ಕಳೆಯಲು ಇದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ ಎಂದೇ ನನ್ನ ವಾದ. ಷರತ್ತು ಒಂದೇ: ಗೋಳಗುಮ್ಮಟದಿಂದ ಆರಂಭಿಸಬಾರದು, ನೀರಿನ ದಾರಿ ಹಿಡಿದು ಊರೊಳಗೆ ಬರಬೇಕು. ಎರಡೂ ಕಡೆಯದು ಒಂದೇ ಮಳೆನೆರಳಿನ ನೆಲ. ವರ್ಷಕ್ಕೆ 500–600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಹೇಳಿದ ಮಾತಿಗೆ ನಿಲ್ಲುವಂಥದ್ದಲ್ಲ. ಅಂಥ ನೆಲದಲ್ಲಿ 16–17ನೇ ಶತಮಾನದ ಹಿಂದೂಸ್ತಾನದ ದೊಡ್ಡ ನಗರಗಳಲ್ಲೊಂದು ಹೇಗೆ ಬದುಕಿತು ಎಂಬುದು ಜತ್ತಿನವರಿಗೆ ಬರೀ ಇತಿಹಾಸದ ಪ್ರಶ್ನೆಯಲ್ಲ.

ಉತ್ತರ ಊರಿನ ಪಶ್ಚಿಮಕ್ಕಿರುವ ತೊರವಿಯಲ್ಲಿದೆ. ಕನ್ನಡದ ಓದುಗರಿಗೆ ತೊರವೆ ಎಂದರೆ ರಾಮಾಯಣ ಬರೆದ ಕುಮಾರ ವಾಲ್ಮೀಕಿ ಮತ್ತು ಅವನ ಆರಾಧ್ಯ ನರಸಿಂಹ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನೌರಸಪುರವೆಂಬ ಹೊಸ ಪಟ್ಟಣ ಕಟ್ಟಲು ತೊಡಗಿದ್ದೂ ಇಲ್ಲೇ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು, ಸಂಗೀತ ಮಹಲಿನ ಮುರುಕು ಗೋಡೆಗಳು ಉಳಿದಿವೆ. ಈ ನೆಲದಡಿಯಿಂದಲೇ ವಿಜಯಪುರಕ್ಕೆ ನೀರು ಹರಿಯಿತು. ಪರ್ಷಿಯಾದಿಂದ ಬಂದ ಕರೇಜ್ ಎಂಬ ತಂತ್ರವದು: ಭೂಮಿಯೊಳಗೆ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಮೇಲಿನಿಂದ ಕಿಂಡಿಬಾವಿ ತೋಡುವುದು. ನೀರು ಬಿಸಿಲು ಕಾಣದೆ, ಆವಿಯಾಗದೆ, ತನ್ನ ತೂಕದಿಂದಲೇ ಊರು ಸೇರುತ್ತದೆ. ಈ ವ್ಯವಸ್ಥೆಯ ಭಾಗವಾದ ತೊರವಿಯ ಸುರಂಗ ಬಾವಡಿ 2020ರ ವಿಶ್ವ ಸ್ಮಾರಕ ನಿಗಾ ಪಟ್ಟಿಗೆ ಸೇರಿತು. ಆ ಸುದ್ದಿ ಪಟ್ಟಿ ಮಾಡುವ ಸಂಸ್ಥೆಯಿರುವ ನ್ಯೂಯಾರ್ಕಿನಿಂದ ಬರಬೇಕಾಯಿತು ಅನ್ನುವುದು ಬೇರೆ ಮಾತು. ಊರೊಳಗೆ ಅಲ್ಲಲ್ಲಿ ನಿಂತಿರುವ ಗಂಜ್‌ಗಳನ್ನು ಹೆಚ್ಚಿನವರು ಕಾವಲು ಗೋಪುರವೆಂದು ತಿಳಿದು ದಾಟುತ್ತಾರೆ. ಅವು ನೀರಿನ ಗೋಪುರಗಳು. ಮಣ್ಣಿನ ಕೊಳವೆಯಲ್ಲಿ ಇಳಿದು ಬರುವ ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದು. ನೀರು ಗೋಪುರದೊಳಗೆ ಏರಿ, ಒತ್ತಡ ಕಳೆದು, ಕೆಸರು ತಳಕ್ಕೆ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಒಂದು ಗಂಜ್ ಅರ್ಥವಾದರೆ ಉಳಿದ ಊರು ತಾನಾಗಿ ಅರ್ಥವಾಗುತ್ತದೆ.

ಇದು ಪ್ರವಾಸವೋ ಪಾಠವೋ ಎಂದು ಮಕ್ಕಳು ಮುಖ ಸಿಂಡರಿಸಬಹುದು. ಅವರನ್ನು ತಾಜ್ ಬಾವಡಿಯ ಮುಂದೆ ನಿಲ್ಲಿಸಿ. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ಈ ಬಾವಿಯ ಒಂದೊಂದು ಬದಿಯೂ 200 ಅಡಿಗೆ ಮಿಕ್ಕಿದೆ. ಎರಡು ಎಂಟುಮೂಲೆಯ ಗೋಪುರಗಳ ನಡುವಿನ ಕಮಾನು ದಾಟಿ ನೀರಿಗಿಳಿಯಬೇಕು. ಅಂದಕ್ಕೆ ಇಷ್ಟು ಸಾಕಾಗದವರಿಗೆ ಗೋಳಗುಮ್ಮಟ ಇದ್ದೇ ಇದೆ. ಆದರೆ ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಬಾಗಿಲು ತೆರೆದ ಕೂಡಲೇ ಹತ್ತದಿದ್ದರೆ ಪಿಸುಮಾತಿನ ಗ್ಯಾಲರಿಯಲ್ಲಿ ಬರೀ ಕೂಗೇ ಕೇಳಿಸುತ್ತದೆ. ಬೇಸಿಗೆಯಲ್ಲಾದರೆ ಈ ತಿರುಗಾಟ ಮಾಡಲಾಗದು. ಕಲ್ಲು ಕಾಯುತ್ತದೆ, ಬಾವಡಿ ತಳ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ, ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುವಾಗಲೇ ನೀರೂ ಇರುತ್ತದೆ, ಕಾಲಿಗೆ ಕಸುವೂ ಇರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಆ ನೀರು ಯಾರದಾಗಿತ್ತು? ಅಸಾರ್ ಮಹಲಿನ ಮುಂದಿನ ಹೊಂಡ ನೋಡಿದರೆ ಅರಮನೆಯ ಪಾಲು ದೊಡ್ಡದಿತ್ತೆಂದು ಒಪ್ಪಲೇಬೇಕು. ಆದರೂ ತಾಜ್ ಬಾವಡಿಯ ಎರಡು ಬದಿಯಲ್ಲಿ ದಾರಿಹೋಕರು ತಂಗುವ ಕೋಣೆಗಳಿದ್ದವು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಊರಿಗೆ ಕೊಳವೆಯ ನೀರು ಹೋಗುತ್ತಿತ್ತು. 1686ರಲ್ಲಿ ಔರಂಗಜೇಬನಿಗೆ ಊರು ಸೋತ ಮೇಲೆ ಸುರಂಗ ಒಮ್ಮೆಲೇ ಬತ್ತಲಿಲ್ಲ. ಹೂಳೆತ್ತಿಸುವ ಸರಕಾರ ಇಲ್ಲವಾಯಿತು. ಜತ್ತಿನ ಗಡಿಹಳ್ಳಿಗಳಿಗೆ ಇದನ್ನು ವಿವರಿಸಬೇಕಿಲ್ಲ. 2022ರ ಕೊನೆಗೆ ಕರ್ನಾಟಕ ಸೇರುವ 40 ಹಳ್ಳಿಗಳ ಮಾತು ಮತ್ತೆ ಎದ್ದಾಗ ಅದರ ಬೇರು ಭಾಷೆಗಿಂತ ಹೆಚ್ಚಾಗಿ ನೀರಿನಲ್ಲಿತ್ತು. ಮೈಸಾಳ ಯೋಜನೆಯ ನೀರು ಬರಲಿಲ್ಲವೆಂಬುದೇ ಅಲ್ಲಿಯ ಹಳೆಯ ದೂರು.

ಥಂಡಿಯಲ್ಲಿ ರೈತನಿಗೆ ತಿರುಗಾಡಲು ಪುರಸೊತ್ತೆಲ್ಲಿ, ಎಳ್ಳಮಾವಾಸ್ಯೆಯ ಚರಗ, ಸಂಕ್ರಾಂತಿಯ ಜಾತ್ರೆ ಬಿಟ್ಟು ಹೋಗಲಾದೀತೇ ಎನ್ನುವವರಿದ್ದಾರೆ. ಬಿಡಬೇಕಾಗಿಲ್ಲ. ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೇ ನಡೆಯುತ್ತದೆ, ಅದರ ದನದ ಜಾತ್ರೆ ಸೇರುವುದು ತೊರವಿಯಲ್ಲಿ. ಎತ್ತು ನೋಡಲು ಹೋದವರು ವ್ಯಾಪಾರ ಕುದುರಿದ ಮೇಲೆ, ಕುದುರದಿದ್ದರೂ ಸರಿ, ಸುರಂಗ ಬಾವಡಿ ಎಲ್ಲಿದೆಯೆಂದು ಕೇಳಿ ಅತ್ತ ನಡೆಯಬಹುದು.