ಷೇರಿನ ಬೆಲೆಗೆ ಹತ್ತು ವರ್ಷಗಳ ಸಾಕ್ಷ್ಯ

2009ರ ಮಾರ್ಚ್ 9ರಂದು ನ್ಯೂಯಾರ್ಕಿನ ಷೇರುಪೇಟೆಯ ವ್ಯವಹಾರ ಮುಗಿದಾಗ, ಅಮೆರಿಕದ 500 ದೊಡ್ಡ ಕಂಪನಿಗಳನ್ನೊಳಗೊಂಡ ಎಸ್ ಅಂಡ್ ಪಿ ಸೂಚ್ಯಂಕವು 676ಕ್ಕೆ ಕುಸಿದಿದ್ದಿತು; ಕೇವಲ ಹದಿನೇಳು ತಿಂಗಳ ಹಿಂದೆ, 2007ರ ಅಕ್ಟೋಬರಿನಲ್ಲಿ, ಅದು 1565ರ ಶಿಖರದ ಮೇಲಿದ್ದಿತು. ಬೆಲೆಗಳು ಅರ್ಧಕ್ಕಿಂತಲೂ ಕೆಳಗಿಳಿದ ಮೇಲೆ ಷೇರುಗಳು ಅಗ್ಗವಾಗಿವೆಯೆಂದು ಸಾಮಾನ್ಯನಿಗೆ ತೋರುವುದು ಸಹಜವಷ್ಟೆ. ಆದರೆ ವಾಣಿಜ್ಯ ಪುಟಗಳಲ್ಲಿ ಪ್ರತಿದಿನವೂ ಅಚ್ಚಾಗುವ ಬೆಲೆ-ಗಳಿಕೆ ಅನುಪಾತವು, ಅಂದರೆ ಒಂದು ರೂಪಾಯಿಯ ವಾರ್ಷಿಕ ಲಾಭಕ್ಕೆ ಕೊಳ್ಳುವವನು ಎಷ್ಟು ರೂಪಾಯಿ ತೆರುತ್ತಿದ್ದಾನೆಂಬುದನ್ನು ತಿಳಿಸುವ ಆ ಸಂಖ್ಯೆಯು, ಆ ವಸಂತಕಾಲದಲ್ಲಿ ನೂರನ್ನು ಮೀರಿ, ಅಮೆರಿಕದ ಷೇರುಗಳು ಹಿಂದೆಂದೂ ಇಲ್ಲದಷ್ಟು ದುಬಾರಿಯಾಗಿವೆಯೆಂದು ಸಾರುತ್ತಿದ್ದಿತು. 2008ರ ಕಡೆಯ ತ್ರೈಮಾಸಿಕದಲ್ಲಿ ಬ್ಯಾಂಕುಗಳೂ ವಿಮಾ ಸಂಸ್ಥೆಗಳೂ ಅಪಾರವಾದ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡುದರಿಂದ, ಐನೂರು ಕಂಪನಿಗಳ ಒಟ್ಟು ಲಾಭವು ಸೂಚ್ಯಂಕದ ಚರಿತ್ರೆಯಲ್ಲಿ ಮೊದಲ ಬಾರಿಗೆ ಶೂನ್ಯಕ್ಕಿಂತ ಕೆಳಗಿಳಿದಿದ್ದಿತು. ಅನುಪಾತದ ಛೇದವೇ ಕರಗಿಹೋದಾಗ ಅನುಪಾತವು ಆಕಾಶಕ್ಕೇರದೆ ಇನ್ನೇನಾದೀತು?

ಅದೇ ತಿಂಗಳಿನಲ್ಲಿ ಇನ್ನೊಂದು ಬಗೆಯ ಲೆಕ್ಕವು ತೀರ ಬೇರೆಯ ಮಾತನ್ನು ಹೇಳಿತು. ಒಂದು ವರ್ಷದ ಲಾಭವನ್ನು ಬಿಟ್ಟು, ಹಿಂದಿನ ಹತ್ತು ವರ್ಷಗಳ ಲಾಭವನ್ನು ಹಣದುಬ್ಬರಕ್ಕೆ ತಕ್ಕಂತೆ ಇಂದಿನ ಹಣಕ್ಕೆ ಪರಿವರ್ತಿಸಿ, ಅದರ ಸರಾಸರಿಯಿಂದ ಬೆಲೆಯನ್ನು ಭಾಗಿಸಿದರೆ ಬರುತ್ತಿದ್ದ ಸಂಖ್ಯೆ ಸುಮಾರು 13. ಎರಡು ದಶಕಗಳಿಗೂ ಮೀರಿದ ಕಾಲದಲ್ಲಿ ಅದು ಅಷ್ಟು ಕೆಳಗೆ ಇಳಿದಿರಲಿಲ್ಲ. ಒಂದೇ ಪೇಟೆ, ಒಂದೇ ತಿಂಗಳು, ಒಂದೇ ಬೆಲೆ. ಒಂದು ಅಳತೆಯ ಪ್ರಕಾರ ಅತ್ಯಂತ ದುಬಾರಿ, ಇನ್ನೊಂದರ ಪ್ರಕಾರ ಅಪರೂಪದ ಅಗ್ಗ. ನಾಲ್ಕು ವರ್ಷಗಳ ತರುವಾಯ, 2013ರ ಮಾರ್ಚಿನಲ್ಲಿ, ಸೂಚ್ಯಂಕವು ತನ್ನ ಹಳೆಯ ಶಿಖರವನ್ನು ದಾಟಿತು. ಯಾವ ಅಳತೆಯು ಆ ದಿನ ಸತ್ಯಕ್ಕೆ ಹತ್ತಿರವಾಗಿದ್ದಿತೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಈ ಎರಡನೆಯ ಲೆಕ್ಕವು ಹೊಸದಾಗಿ ಹುಟ್ಟಿದ್ದಲ್ಲ. ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ಎಂಬ ವಿದ್ವಾಂಸರು 1934ರಲ್ಲಿ, ಮಹಾಕುಸಿತದ ಗಾಯ ಇನ್ನೂ ಹಸಿಯಾಗಿದ್ದಾಗಲೇ ಪ್ರಕಟಿಸಿದ ‘ಸೆಕ್ಯುರಿಟಿ ಅನಾಲಿಸಿಸ್’ ಗ್ರಂಥದಲ್ಲಿ, ಕಂಪನಿಯೊಂದರ ಗಳಿಕೆಯನ್ನು ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷಗಳ ಸರಾಸರಿಯ ಮೇಲೆ ಅಳೆಯಬೇಕೆಂದು ವಿಧಿಸಿದ್ದರು. 1929ರ ಹಿಂದಿನ ವರ್ಷಗಳಲ್ಲಿ ಜನರು ಸರಾಸರಿಯನ್ನು ಬದಿಗೊತ್ತಿ, ಲಾಭದ ಏರುಗತಿಯನ್ನೇ ನಂಬಿ, ಏರುತ್ತಿರುವುದು ಏರುತ್ತಲೇ ಇರುವುದೆಂಬ ಭ್ರಮೆಯಲ್ಲಿ ಯಾವ ಬೆಲೆಯನ್ನಾದರೂ ತೆರಲು ಸಿದ್ಧರಾದುದೇ ಅನರ್ಥಕ್ಕೆ ಮೂಲವೆಂಬುದು ಅವರ ನಿದಾನವಾಗಿತ್ತು. ಅರ್ಧ ಶತಮಾನ ಕಳೆದ ಬಳಿಕ, 1988ರಲ್ಲಿ, ಜಾನ್ ಕ್ಯಾಂಬೆಲ್ ಮತ್ತು ರಾಬರ್ಟ್ ಶಿಲ್ಲರ್ ಅವರು ಇದೇ ವಿಚಾರಕ್ಕೆ ಹಣದುಬ್ಬರದ ಸಂಸ್ಕಾರವನ್ನು ಕೊಟ್ಟು, 1871ರಷ್ಟು ಹಿಂದಿನ ಅಂಕಿಗಳ ಮೇಲೆ ಪರೀಕ್ಷಿಸಿ, ಹತ್ತು ವರ್ಷಗಳ ಸರಾಸರಿ ಗಳಿಕೆಗೆ ಹೋಲಿಸಿದಾಗ ಬೆಲೆಯು ಅತಿಯಾಗಿ ಎತ್ತರದಲ್ಲಿದ್ದರೆ ಮುಂದಿನ ಹತ್ತು ವರ್ಷಗಳ ಪ್ರತಿಫಲವು ಸಾಮಾನ್ಯವಾಗಿ ಕ್ಷೀಣವಾಗಿರುವುದೆಂಬುದನ್ನು ತೋರಿಸಿದರು. ಶಿಲ್ಲರ್ ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವು ಇತರ ಇಬ್ಬರೊಡನೆ ಸಂದಿತು.

ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಕೊಳ್ಳಹೊರಟ ಗೃಹಸ್ಥನು ಈ ತತ್ತ್ವವನ್ನು ಯಾವ ಗ್ರಂಥದಿಂದಲೂ ಕಲಿಯಬೇಕಾದುದಿಲ್ಲ. ಧಾರಣೆ ಏರಿದ ಒಂದು ವರ್ಷದ ಹುಟ್ಟುವಳಿಯನ್ನು ತೋರಿಸಿ ಬೆಲೆ ಹೇಳಿದರೆ ಅವನು ಒಪ್ಪುವುದಿಲ್ಲ. ಕೊಳೆರೋಗ ಬಂದ ವರ್ಷ ಎಷ್ಟು ಕೊಯ್ಲಾಯಿತು, ಮಳೆ ಕೈಕೊಟ್ಟ ವರ್ಷ ಏನು ಉಳಿಯಿತು, ಧಾರಣೆ ಬಿದ್ದಾಗ ಕೂಲಿಯಾದರೂ ಹುಟ್ಟಿತೇ ಎಂದು ಕೇಳಿಯೇ ಕೇಳುತ್ತಾನೆ. ಭೂಮಿಯ ವಿಷಯದಲ್ಲಿ ತಲೆಮಾರುಗಳಿಂದ ಬಂದಿರುವ ಈ ವಿವೇಕವು ಷೇರಿನ ವಿಷಯದಲ್ಲಿ ಮಾತ್ರ ನಮ್ಮನ್ನು ಬಿಟ್ಟುಹೋಗಿರುವುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುವ ಸಂಗತಿ.

ಲೆಕ್ಕವನ್ನು ಹತ್ತಿರದಿಂದ ನೋಡೋಣ. ಉಕ್ಕನ್ನೋ ಸಿಮೆಂಟನ್ನೋ ತಯಾರಿಸುವ ಒಂದು ಕಲ್ಪಿತ ಕಂಪನಿಯು ಪ್ರತಿ ಷೇರಿಗೆ ಗಳಿಸಿದ ಲಾಭವನ್ನು ಇಂದಿನ ರೂಪಾಯಿಗಳಿಗೆ ಪರಿವರ್ತಿಸಿ ವರ್ಷಾನುಕ್ರಮವಾಗಿ ಬರೆದಿದೆಯೆಂದು ಭಾವಿಸೋಣ: 20, 10, 12, 9, ಮುಂದೆ 4 ರೂಪಾಯಿ ನಷ್ಟ, ಬಳಿಕ 6, 14, 22, 31, ಕಡೆಯ ವರ್ಷ 40. ಒಟ್ಟು 160, ಸರಾಸರಿ 16. ಕಡೆಯ ವರ್ಷದ ಉತ್ಸಾಹದಲ್ಲಿ ಷೇರಿನ ಬೆಲೆ 400 ರೂಪಾಯಿಗೆ ಏರಿದೆ. ಮೊಬೈಲಿನಲ್ಲಿ ನೋಡುವವನಿಗೆ ಅನುಪಾತವು 10 ಎಂದು ಕಾಣುತ್ತದೆ. ಅವನು ಅಗ್ಗವೆಂದು ಭಾವಿಸಿ ಕೊಳ್ಳುತ್ತಾನೆ. ಹತ್ತು ವರ್ಷಗಳ ಸರಾಸರಿಗೆ ಹೋಲಿಸಿದರೆ ಅವನು ತೆತ್ತುದು 25ರ ಅನುಪಾತ. ಮುಂದಿನ ಎರಡು ವರ್ಷಗಳಲ್ಲಿ ಬೇಡಿಕೆ ತಗ್ಗಿ ಲಾಭವು 20ಕ್ಕೂ ಅಲ್ಲಿಂದ 10ಕ್ಕೂ ಇಳಿಯುತ್ತದೆ, ಬೆಲೆಯು 200ಕ್ಕೆ ಬೀಳುತ್ತದೆ. ಈಗ ಪರದೆಯ ಮೇಲಿನ ಅನುಪಾತ 20. ದುಬಾರಿಯಾಯಿತೆಂದು ಹೆದರಿ ಅವನು ಮಾರುತ್ತಾನೆ. ಆದರೆ ಪಟ್ಟಿಯ ಆರಂಭದ 20 ಮತ್ತು 10 ಕಳಚಿಹೋಗಿ, ಅಷ್ಟೇ ಮೊತ್ತದ ಎರಡು ಹೊಸ ವರ್ಷಗಳು ಸೇರಿರುವುದರಿಂದ ಹತ್ತು ವರ್ಷಗಳ ಸರಾಸರಿಯು 16ರಲ್ಲಿಯೇ ನಿಂತಿದೆ. ಆ ಲೆಕ್ಕದಲ್ಲಿ ಅನುಪಾತವು 25ರಿಂದ 12.5ಕ್ಕೆ ಇಳಿದಿದೆ. ಒಂದು ವರ್ಷದ ಅಳತೆಯು ಅವನನ್ನು ಮೇಲೆ ಕೊಳ್ಳಿಸಿ ಕೆಳಗೆ ಮಾರಿಸಿತು. ಏರಿಳಿತವೇ ಸ್ವಭಾವವಾಗಿರುವ ಉದ್ಯಮಗಳಲ್ಲಿ, ಲೋಹ, ಸಕ್ಕರೆ, ಸಿಮೆಂಟು, ಹಡಗು ಸಾಗಾಣಿಕೆ ಮುಂತಾದವುಗಳಲ್ಲಿ, ಇದು ಆಕಸ್ಮಿಕವಲ್ಲ, ಪದ್ಧತಿಯ ದೋಷ.

ಹಣದುಬ್ಬರದ ತಿದ್ದುಪಡಿಯನ್ನು ಅಲಂಕಾರವೆಂದು ಭಾವಿಸಿ ಬಿಟ್ಟುಬಿಡುವವರುಂಟು. ಬಂಡವಾಳದ ಲಾಭದ ಮೇಲಿನ ತೆರಿಗೆಗಾಗಿ ನಮ್ಮ ಆದಾಯ ತೆರಿಗೆಯ ಆಡಳಿತವು ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕವು 2014-15ಕ್ಕೆ 240, 2024-25ಕ್ಕೆ 363. ಅಂದರೆ ಅಂದಿನ 100 ರೂಪಾಯಿಯ ಲಾಭವನ್ನು 2024-25ರ ಲಾಭದೊಡನೆ ಕೂಡಿಸುವ ಮೊದಲು 151 ರೂಪಾಯಿಯೆಂದು ತಿದ್ದಿಕೊಳ್ಳಬೇಕು. ಆ ಸೂಚ್ಯಂಕವು ಗ್ರಾಹಕ ಬೆಲೆಗಳ ಏರಿಕೆಯ ನಾಲ್ಕನೆಯ ಮೂರು ಪಾಲನ್ನು ಮಾತ್ರ ಗಣಿಸುವುದರಿಂದ ನಿಜವಾದ ತಿದ್ದುಪಡಿ ಇನ್ನೂ ದೊಡ್ಡದು. ತಿದ್ದದೆ ಸರಾಸರಿ ತೆಗೆದರೆ ಹಳೆಯ ವರ್ಷಗಳು ಅನ್ಯಾಯವಾಗಿ ಕಿರಿದಾಗುತ್ತವೆ. ಅದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬೆಂಗಳೂರಿನ ಇನ್ಫೋಸಿಸ್ ಕಂಪನಿಯು 2014ರ ಡಿಸೆಂಬರ್, 2015ರ ಜೂನ್ ಮತ್ತು 2018ರ ಸೆಪ್ಟೆಂಬರ್ ತಿಂಗಳುಗಳಲ್ಲಿ ಒಂದಕ್ಕೊಂದರಂತೆ ಬೋನಸ್ ಷೇರುಗಳನ್ನು ಹಂಚಿತು. ಹೀಗೆ ಮೊದಲಿನ ಒಂದು ಷೇರು ಎಂಟಾಯಿತು. 2013-14ರ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವ ಪ್ರತಿ ಷೇರಿನ ಗಳಿಕೆಯನ್ನು ಎಂಟರಿಂದ ಭಾಗಿಸದೆ ಸರಾಸರಿಗೆ ಸೇರಿಸಿದವನು, ಎಂದೂ ಇಲ್ಲದ ಗಳಿಕೆಯೊಂದನ್ನು ಕಲ್ಪಿಸಿಕೊಂಡಂತಾಗುತ್ತದೆ. ಸೂಚ್ಯಂಕಕ್ಕಿಂತ ಒಂಟಿ ಕಂಪನಿಯ ಲೆಕ್ಕವು ಹೆಚ್ಚು ಎಚ್ಚರವನ್ನು ಬೇಡುವುದು ಇಂಥ ಕಾರಣಗಳಿಂದ.

ಈ ಪದ್ಧತಿಗೆ ಆಕ್ಷೇಪಗಳಿಲ್ಲವೆಂದು ನಾನು ಹೇಳುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜೆರೆಮಿ ಸೀಗೆಲ್ ಅವರು, ಲೆಕ್ಕಪತ್ರದ ನಿಯಮಗಳೇ ನಡುವೆ ಬದಲಾಗಿರುವುದರಿಂದ ಹಳೆಯ ಲಾಭವನ್ನೂ ಹೊಸ ಲಾಭವನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲವೆಂದು ವಾದಿಸಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ನಿಯಮ ಬದಲಾವಣೆಯ ಪೆಟ್ಟು ಒಂದು ವರ್ಷದ ಅಳತೆಗೂ ತಪ್ಪಿದ್ದಲ್ಲ: 2021ರ ಮಾರ್ಚ್ ಕಡೆಯ ದಿನ ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ತನ್ನ ನಿಫ್ಟಿ ಸೂಚ್ಯಂಕದ ಗಳಿಕೆಯನ್ನು ಅಂಗಸಂಸ್ಥೆಗಳ ಲಾಭವನ್ನೂ ಕೂಡಿಸಿ ಎಣಿಸಲಾರಂಭಿಸಿದಾಗ, ಅನುಪಾತವು ಸುಮಾರು 40ರಿಂದ ಸುಮಾರು 33ಕ್ಕೆ ಒಂದೇ ಹಗಲಿನಲ್ಲಿ ಇಳಿಯಿತು.

ಇದಕ್ಕಿಂತ ಗಹನವಾದ ಆಕ್ಷೇಪವೆಂದರೆ, ಸರಾಸರಿಯು ಹಿಂದಿನದನ್ನು ನೋಡುತ್ತದೆಯೇ ಹೊರತು ಮುಂದಿನದನ್ನಲ್ಲ ಎಂಬುದು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ದಶಕಗಳ ಕಾಲ ಅದಿರನ್ನು ತೆಗೆದ ಸರ್ಕಾರಿ ಕಂಪನಿಯ ಗಣಿಯು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಮುಚ್ಚಿತು. ಗಣಿಯೇ ಇಲ್ಲದ ಮೇಲೆ ಅದರಿಂದ ಬಂದ ಹತ್ತು ವರ್ಷಗಳ ಗಳಿಕೆಯ ಸರಾಸರಿಯನ್ನು ಹಿಡಿದು ಮುಂದಿನ ಬೆಲೆ ಕಟ್ಟಿದರೆ ಅದು ಯಾವ ಪ್ರಯೋಜನಕ್ಕೂ ಬಾರದು. ಸೂಚ್ಯಂಕದಲ್ಲಿ ನಶಿಸುವ ಕಂಪನಿಯ ಸ್ಥಾನವನ್ನು ಬೆಳೆಯುವ ಕಂಪನಿಯು ತುಂಬುತ್ತದೆ. ಒಂಟಿ ಕಂಪನಿಗೆ ಆ ರಕ್ಷಣೆಯಿಲ್ಲ. ಆದುದರಿಂದ ಹತ್ತು ವರ್ಷ ಗಳಿಕೆ ತಂದ ಮೂಲವು ಇಂದಿಗೂ ಉಳಿದಿದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಸರಾಸರಿಗೆ ಕೈಹಾಕಬೇಕು.

ಬೆಳೆಯುತ್ತಿರುವ ಕಂಪನಿಗೆ ಈ ಅಳತೆಯು ಅನ್ಯಾಯ ಮಾಡುತ್ತದೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಹಣದುಬ್ಬರವನ್ನು ಕಳೆದು ವರ್ಷಕ್ಕೆ ಶೇಕಡ 20ರಂತೆ ಹತ್ತು ವರ್ಷ ಬೆಳೆದ ಕಂಪನಿಯ ಸರಾಸರಿ ಗಳಿಕೆಯು ಅದರ ಕಡೆಯ ವರ್ಷದ ಗಳಿಕೆಯ ಅರ್ಧದಷ್ಟಿರುತ್ತದೆ. ಹೀಗಾಗಿ 40ರ ಅನುಪಾತವು 80 ಆಗಿ ತೋರುತ್ತದೆ. ಅದು ಸುಳ್ಳಲ್ಲ. ಬೆಲೆಯ ಎಷ್ಟು ಪಾಲು ಸಾಧಿಸಿ ತೋರಿಸಿದ ಗಳಿಕೆಯ ಮೇಲೆ ನಿಂತಿದೆ, ಎಷ್ಟು ಪಾಲು ಮುಂದಿನ ನಿರೀಕ್ಷೆಯ ಮೇಲೆ ನಿಂತಿದೆ ಎಂಬುದು ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಸ್ಪಷ್ಟವಾಗುತ್ತದೆ. ನಿರೀಕ್ಷೆಗೆ ಹಣ ತೆರುವುದು ತಪ್ಪಲ್ಲ. ಅದನ್ನು ಅರಿತು ತೆರಬೇಕು.

ಇದು ಬೆಲೆಯ ಅಳತೆ, ಕಾಲದ ಪಂಚಾಂಗವಲ್ಲ. ಶಿಲ್ಲರ್ ಅವರು 1996ರ ಡಿಸೆಂಬರ್ 3ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಮಂಡಲಿಯ ಮುಂದೆ ಷೇರುಪೇಟೆಯು ಅತಿಯಾಗಿ ಏರಿದೆಯೆಂದು ನಿರೂಪಿಸಿದಾಗ ಈ ದೀರ್ಘಾವಧಿಯ ಅನುಪಾತವು ಸುಮಾರು 28 ಇದ್ದಿತು. ಸೂಚ್ಯಂಕವು ಆಗ ಸುಮಾರು 745. ಅದು ಬೀಳಲಿಲ್ಲ, ಬದಲಾಗಿ 2000ದ ಮಾರ್ಚಿನೊಳಗೆ ಇಮ್ಮಡಿಯನ್ನೂ ಮೀರಿತು. ಅಂದೇ ಮಾರಿ ಹೊರಬಂದವನು ಮೂರು ವರ್ಷ ನೆರೆಹೊರೆಯವರ ಸಂಪತ್ತು ಬೆಳೆಯುವುದನ್ನು ನೋಡುತ್ತ ಕುಳಿತಿರಬೇಕು. ಹನ್ನೆರಡು ವರ್ಷ ಕಳೆದ ಮೇಲೆ, 2009ರಲ್ಲಿ, ಬೆಲೆಯು ಅವನು ಮಾರಿದ ಮಟ್ಟಕ್ಕಿಂತ ಕೆಳಗೆ ಇಳಿದುದೂ ನಿಜ. ಅಷ್ಟು ಕಾಲ ಕಾಯುವ ಸ್ಥೈರ್ಯ ಎಷ್ಟು ಜನಕ್ಕೆ ಇದ್ದೀತು? 1990ರ ದಶಕದಿಂದ ಈಚೆಗೆ ಅಮೆರಿಕದಲ್ಲಿ ಈ ಅನುಪಾತವು ಹಳೆಯ ಸರಾಸರಿಯಾದ 16-17ಕ್ಕಿಂತ ಬಹುಪಾಲು ಮೇಲೆಯೇ ಉಳಿದಿದೆ. ಆದುದರಿಂದ ಒಂದು ಗೆರೆಯನ್ನು ಎಳೆದು, ಅನುಪಾತವು ಅದನ್ನು ಮುಟ್ಟಿದಾಗ ಮಾತ್ರ ಕೊಳ್ಳುವೆನೆಂದು ಹಟ ಹಿಡಿಯುವುದು ವಿವೇಕವಲ್ಲ.

ಇಷ್ಟನ್ನೂ ಒಪ್ಪಿಕೊಂಡು, ನಾನು ಆಗ್ರಹಿಸುವುದು ಒಂದು ನಿರ್ದಿಷ್ಟ ಸುಧಾರಣೆಯನ್ನು. 2020ರ ಮಾರ್ಚಿನಲ್ಲಿ ಸುಮಾರು 4 ಕೋಟಿಯಿದ್ದ ದೇಶದ ಡಿಮ್ಯಾಟ್ ಖಾತೆಗಳು, ಅಂದರೆ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆಗಳು, 2022ರ ಆಗಸ್ಟಿನಲ್ಲಿ 10 ಕೋಟಿಯನ್ನು ದಾಟಿದುವು. ಹೊಸದಾಗಿ ಬಂದವರಲ್ಲಿ ಅನೇಕರು ಐಪಿಒ, ಅಂದರೆ ಕಂಪನಿಯೊಂದರ ಮೊದಲ ಸಾರ್ವಜನಿಕ ಷೇರು ಮಾರಾಟದ ಮೂಲಕವೇ ಪೇಟೆಯನ್ನು ಪ್ರವೇಶಿಸುತ್ತಾರೆ. ಅವರ ಕೈಗೆ ಬರುವ ಪ್ರಾಸ್ಪೆಕ್ಟಸ್ಸಿನಲ್ಲಿ ಬೆಲೆಯ ಆಧಾರವನ್ನು ವಿವರಿಸುವ ಅಧ್ಯಾಯವೊಂದಿರುತ್ತದೆ. ಅಲ್ಲಿ ಮೂರು ವರ್ಷಗಳ ಗಳಿಕೆಯನ್ನು ಕೊಟ್ಟು, ಕಡೆಯ ವರ್ಷಕ್ಕೆ 3, ಅದರ ಹಿಂದಿನದಕ್ಕೆ 2, ಮೊದಲಿನದಕ್ಕೆ 1 ಎಂಬ ತೂಕವನ್ನಿಟ್ಟು ಸರಾಸರಿ ತೆಗೆಯುವ ಪರಿಪಾಠವಿದೆ. ಮೇಲಿನ ಕಲ್ಪಿತ ಕಂಪನಿಯು ತನ್ನ ಉಚ್ಛ್ರಾಯದ ವರ್ಷದಲ್ಲಿ ಷೇರು ಮಾರಲು ಬಂದಿದ್ದರೆ, 22, 31, 40ಕ್ಕೆ ಈ ತೂಕಗಳನ್ನು ಕೊಟ್ಟು ಅದು ತೋರಿಸುತ್ತಿದ್ದ ಸರಾಸರಿ 34. ಹತ್ತು ವರ್ಷಗಳ ಸತ್ಯ 16. ಮಾರುವವನು ತನಗೆ ಅನುಕೂಲವಾದ ಕಾಲವನ್ನೇ ಆರಿಸಿಕೊಳ್ಳುತ್ತಾನೆ. ಅದು ಅವನ ಹಕ್ಕು. ಆ ಅನುಕೂಲದ ವರ್ಷಕ್ಕೇ ಲೆಕ್ಕದಲ್ಲಿ ಅರ್ಧದಷ್ಟು ತೂಕವನ್ನು ಕೊಡುವುದು ಕೊಳ್ಳುವವನಿಗೆ ಎಸಗುವ ಅನ್ಯಾಯ. ಮೊದಲು ಐದು ವರ್ಷಗಳ ಲೆಕ್ಕವನ್ನು ಒಪ್ಪಿಸಬೇಕೆಂದಿದ್ದ ನಿಯಮವು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2018ರ ನಿಯಮಾವಳಿಯಿಂದ ಮೂರು ವರ್ಷಕ್ಕೆ ಇಳಿದುದು, ಕಂಪನಿಗಳ ಹೊರೆಯನ್ನು ಕಡಿಮೆ ಮಾಡಿರಬಹುದಾದರೂ, ಸಾಮಾನ್ಯ ಹೂಡಿಕೆದಾರನ ದೃಷ್ಟಿಯಿಂದ ಹಿನ್ನಡೆಯೆಂದೇ ನನ್ನ ಅಭಿಪ್ರಾಯ.

ಸೆಬಿಯು ಆ ಅಧ್ಯಾಯದಲ್ಲಿ ಇನ್ನೊಂದು ಕೋಷ್ಟಕವನ್ನು ಕಡ್ಡಾಯಗೊಳಿಸಬೇಕು: ಹತ್ತು ವರ್ಷಗಳ ಪ್ರತಿ ಷೇರಿನ ಗಳಿಕೆ, ಬೋನಸ್ ಮತ್ತು ವಿಭಜನೆಗಳಿಗೆ ತಿದ್ದಿದ್ದು, ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ಇಂದಿನ ರೂಪಾಯಿಗೆ ಪರಿವರ್ತಿಸಿದ್ದು, ಸರಳವಾದ ಸರಾಸರಿಯೊಡನೆ. ಷೇರು ವಿನಿಮಯ ಕೇಂದ್ರಗಳು ಈಗಾಗಲೇ ವಹಿವಾಟಾಗುತ್ತಿರುವ ಕಂಪನಿಗಳಿಗೂ ಅದನ್ನೇ ಪ್ರಕಟಿಸಬಹುದು, ಪತ್ರಿಕೆಗಳು ಬೆಲೆ-ಗಳಿಕೆ ಅನುಪಾತದ ಪಕ್ಕದಲ್ಲಿ ಅಚ್ಚುಮಾಡಬಹುದು. ಅಂಕಿಗಳೆಲ್ಲವೂ ವಾರ್ಷಿಕ ವರದಿಗಳಲ್ಲಿ ಇದ್ದೇ ಇವೆ. ಹತ್ತು ವರ್ಷ ತುಂಬದ ಕಂಪನಿಯು ತನಗಿರುವಷ್ಟು ವರ್ಷಗಳನ್ನು ಕೊಟ್ಟು, ಅವು ಎಷ್ಟೆಂಬುದನ್ನು ಕೋಷ್ಟಕದ ತಲೆಯ ಮೇಲೆಯೇ ದಪ್ಪಕ್ಷರದಲ್ಲಿ ಹೇಳಬೇಕು. ನಷ್ಟದ ವರ್ಷಗಳನ್ನು ಋಣಚಿಹ್ನೆಯೊಡನೆ ಅದರಲ್ಲಿಯೇ ಸೇರಿಸತಕ್ಕದ್ದು.