ಜಾರಲು ಕಲಿತರೆ ಸಾಕೆ?

ನಮ್ಮ ಹುಡುಗರು ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿಯುತ್ತಿದ್ದಾರೆ, ಸಂತೋಷ. 2020ರಲ್ಲಿ ‘ಖೇಲೋ ಇಂಡಿಯಾ’ ಚಳಿಗಾಲದ ಕ್ರೀಡಾಕೂಟ ಮೊದಲಾದಂದಿನಿಂದ, ಕೊರಳಿಗೆ ಪದಕ ಹಾಕಿಕೊಂಡ ಕೆಂಪುಗೆನ್ನೆಯ ಮಕ್ಕಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನಾನೂ ಹಿಗ್ಗಿದ್ದೇನೆ. ಆ ಹಿಗ್ಗಿಗೆ ಕಲ್ಲು ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು. ಹಿಮದ ಮೇಲೆ ಜಾರುವುದನ್ನು ಕಲಿಸುವ ಈ ಗುರುಗಳು, ಹಿಮವನ್ನು ಕಲಿಸುತ್ತಿದ್ದಾರೆಯೆ?

ಬಯಲುಸೀಮೆಯಲ್ಲಿ ಕುಳಿತು ಮುದ್ದೆ ಉಣ್ಣುವ ನಿನಗೇಕಯ್ಯಾ ಹಿಮದ ಚಿಂತೆ ಎನ್ನುವವರುಂಟು. ಅವರಿಗೆ ಎರಡು ತಾರೀಖುಗಳನ್ನು ನೆನಪಿಸುತ್ತೇನೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಬಳಿ ಹಿಮ ಕುಸಿದು, ಪರ್ವತಾರೋಹಣದ ಮೇಲ್ದರ್ಜೆಯ ತರಬೇತಿಗೆ ಹೋಗಿದ್ದ ತಂಡದಲ್ಲಿ 29 ಜನರನ್ನು ನುಂಗಿತು. ಅವರಲ್ಲಿ ಕರ್ನಾಟಕದವರೂ ಇದ್ದರು. 2024ರ ಜೂನ್ ಮೊದಲ ವಾರ, ಅದೇ ಸೀಮೆಯ ಸಹಸ್ರತಾಲದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ, 22 ಜನರ ತಂಡದಲ್ಲಿ ಇಲ್ಲಿಂದ ಹೋದ ಒಂಬತ್ತು ಮಂದಿ ಚಳಿಯಲ್ಲಿ ಪ್ರಾಣಬಿಟ್ಟರು. ಅವರು ಸ್ಕೀ ಆಡುವವರಲ್ಲ, ನಿಜ. ಆದರೆ ಹಿಮಾಲಯ ನಮ್ಮ ಮನೆಯ ಬಾಗಿಲಿಗೇ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನನ್ನ ತಂಗಿಯ ಮಗನೊಬ್ಬ ಇಂಥದೇ ಒಂದು ಶಿಬಿರದಿಂದ ಎರಡು ವಾರದ ಮೇಲೆ ಪ್ರಶಸ್ತಿಪತ್ರ ಹಿಡಿದು ಬಂದ. ಶಿಬಿರದ ಹೆಸರು ಬೇಡ. ತಿರುಗುವುದು ಹೇಗೆ, ನಿಲ್ಲುವುದು ಹೇಗೆ, ಬೀಳುವುದು ಹೇಗೆ ಎಲ್ಲವನ್ನೂ ಪಡಸಾಲೆಯಲ್ಲೇ ಆಡಿ ತೋರಿಸಿದ.

“ಹಿಮ ಕುಸಿದರೆ ಏನು ಮಾಡಬೇಕು ಅಂತ ಹೇಳಿಕೊಟ್ಟರೇನಪ್ಪಾ?” ಎಂದೆ.

“ಅದೆಲ್ಲ ನಮಗೆ ಬೇಕಾಗಲ್ಲ ಮಾವ. ನಾವು ಕೆಳಗಿನ ಇಳಿಜಾರಲ್ಲೇ ಇದ್ದೆವು.”

“ಕೊನೆಯ ದಿನವೂ?”

“ಕೊನೆಯ ದಿನ ಮಾತ್ರ ಮೇಲಕ್ಕೆ ಕರಕೊಂಡು ಹೋದರು.”

ಆ ‘ಮಾತ್ರ’ ಎಂಬ ಮಾತಿನಲ್ಲೇ ನನ್ನ ತಕರಾರೆಲ್ಲ ಅಡಗಿದೆ.

ಹಿಮವೆಂದರೆ ಒಂದೇ ಮುದ್ದೆಯಾಗಿ ಬಿದ್ದಿರುವ ಬಿಳಿಯ ಪದಾರ್ಥವೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ಗಾಳಿ ಹೊತ್ತುತಂದು ಒಟ್ಟಿದ ಪದರ ಹಲಗೆಯಂತೆ ಬಿಗಿಯುತ್ತದೆ. ಅದರ ಕೆಳಗೆ ಕೆಲವೊಮ್ಮೆ ಸಕ್ಕರೆಯ ಹರಳಿನಂಥ, ಒಂದಕ್ಕೊಂದು ಅಂಟದ ಪದರವಿರುತ್ತದೆ. ಕಣದ ಇಳಿಜಾರಿನಲ್ಲಿ ರಾಗಿಕಾಳು ಹರಡಿ, ಮೇಲೊಂದು ಹಲಗೆಯಿಟ್ಟು, ಹಲಗೆಯ ಮೇಲೆ ನಿಂತವನ ಗತಿಯನ್ನು ಊಹಿಸಿಕೊಳ್ಳಿ. ಇಂಥ ಕುಸಿತ ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ. ಸ್ಕೀ ಆಡುವವನಿಗೆ ಮೈ ಝುಂ ಎನ್ನಿಸುವುದೂ ಅಂಥ ಕಡೆಯೇ! ಇನ್ನೊಂದು ಸಂಗತಿಯನ್ನು ಕೇಳಿದರೆ ‘ಎಲ್ಲ ದೈವೇಚ್ಛೆ’ ಎನ್ನುವವರು ಸ್ವಲ್ಪ ತಡೆದು ಮಾತನಾಡಿಯಾರು: ಹಿಮಕುಸಿತಕ್ಕೆ ಸಿಕ್ಕಿ ಸತ್ತ ವಿಹಾರಿಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು, ಆ ಕುಸಿತವನ್ನು ಎಬ್ಬಿಸಿದವರು ಅವರೇ ಅಥವಾ ಅವರ ಜೊತೆಗಾರರೇ. ಅದಕ್ಕೆ ಮುನ್ಸೂಚನೆಗಳೂ ಉಂಟು. ಪಕ್ಕದ ಇಳಿಜಾರಿನಲ್ಲಿ ಹೊಸದಾಗಿ ಕುಸಿದ ಗುರುತು, ಕಾಲಡಿಯಲ್ಲಿ ‘ಧುಮ್’ ಎಂಬ ಸದ್ದು, ಸ್ಕೀಯ ತುದಿಯಿಂದ ಮುಂದಕ್ಕೆ ಓಡುವ ಬಿರುಕು, ರಾತ್ರಿಯೆಲ್ಲ ಸುರಿದ ಹೊಸ ಹಿಮ, ಇದ್ದಕ್ಕಿದ್ದಂತೆ ಏರಿದ ಬಿಸಿಲು. ಹನ್ನೆರಡು ವರ್ಷದ ಹುಡುಗಿಗೆ ಇದನ್ನು ಒಂದು ಬೆಳಗಿನಲ್ಲಿ ಕಲಿಸಬಹುದು.

ಕಲಿಸದಿದ್ದರೆ ಏನಾಗುತ್ತದೆ? ಆಸ್ಟ್ರಿಯಾದ ಸೋಲ್ಡನ್ನಿನಲ್ಲಿ 2015ರ ಜನವರಿ 5ರಂದು ಅಮೆರಿಕದ ಎಳೆಯ ಪಂದ್ಯಗಾರರು ಆರು ಮಂದಿ, ಹದಮಾಡಿದ ದಾರಿ ಬಿಟ್ಟು ಹೊಸ ಹಿಮಕ್ಕೆ ಇಳಿದರು. ನಾಲ್ವರು ಪಾರಾದರು, 19 ಮತ್ತು 20 ವರ್ಷದ ಇಬ್ಬರು ಹೂತುಹೋದರು. ಸ್ಕೀ ವಿದ್ಯೆಯಲ್ಲಿ ಅವರಿಗೆ ಯಾವ ಕೊರತೆಯಿತ್ತು? ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಇಳಿಯುವ ಪಂದ್ಯಕ್ಕೆ ಸಿದ್ಧರಾಗುತ್ತಿದ್ದ ಕಾಲುಗಳು ಅವು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ‘ಬ್ರಾಸ್’ ಎಂಬ ಪ್ರತಿಷ್ಠಾನ ಕಟ್ಟಿ, ಪಂದ್ಯಗಾರ ಮಕ್ಕಳಿಗೆ ಹಿಮಕುಸಿತದ ಪಾಠ ಹೇಳಿಸತೊಡಗಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂದು ಅವರನ್ನು ನಾನು ಆಡಿಕೊಳ್ಳಲಾರೆ. ತಮ್ಮ ಕೋಟೆ ಹೋದ ಮೇಲೆ ಪರರ ಕೋಟೆಯ ಬಾಗಿಲು ಹಾಕಲು ಹೊರಟವರು ಅವರು.

ಈಗ ಪ್ರತಿವಾದಿಗಳ ಬಲವಾದ ಅಸ್ತ್ರವನ್ನು ನಾನೇ ಎತ್ತಿಕೊಡುತ್ತೇನೆ. ಕೆನಡಾದ ರೋಜರ್ಸ್ ಕಣಿವೆಯ ಬಳಿ, ಕೊನಾಟ್ ತೊರೆಯ ಪಾತ್ರದಲ್ಲಿ, 2003ರ ಫೆಬ್ರುವರಿ 1ರಂದು ಒಂದು ಶಾಲೆಯ 14 ವಿದ್ಯಾರ್ಥಿಗಳೂ ಮೂವರು ಹಿರಿಯರೂ ಸ್ಕೀಯಲ್ಲಿ ಹೋಗುತ್ತಿದ್ದರು. ಮೈಮೇಲೆ ಬೀಕನ್ ಇತ್ತು, ಚೀಲದಲ್ಲಿ ಸಲಿಕೆಯಿತ್ತು, ಅಭ್ಯಾಸವೂ ಆಗಿತ್ತು. ಮೇಲಿನ ಬೆಟ್ಟ ಕುಸಿಯಿತು. ಇನ್ನೂ ಎತ್ತರದಲ್ಲಿದ್ದ ಇಬ್ಬರು ದಾರಿಹೋಕರು ಕಂಡು ಕೂಗಿದರು, ಇಳಿದುಬಂದು ಅಗೆದರು. ಆದರೂ ಏಳು ಮಕ್ಕಳು ತೀರಿಕೊಂಡರು. “ನೋಡಿದಿರಾ, ತರಬೇತಿಯಿಂದ ಏನು ಬಂತು?” ಎಂದು ಕೇಳಬಹುದು. ನಾನು ಇದನ್ನು ಬೇರೆ ರೀತಿ ಓದುತ್ತೇನೆ. ಹೂತವರನ್ನು ತೆಗೆಯುವ ವಿದ್ಯೆ ಎರಡನೆಯದು. ಇಂದು ಈ ಕಣಿವೆಗೆ ಇಷ್ಟು ಮಕ್ಕಳನ್ನು ತರಬೇಕೆ ಎಂದು ನಿರ್ಣಯಿಸುವ ವಿದ್ಯೆ ಮೊದಲನೆಯದು. ಕೆನಡಾದವರು ಆ ಪಾಠವನ್ನೇ ಕಲಿತರು. ಇಂಥ ದಾರಿ ಎಷ್ಟು ಅಪಾಯದ್ದೆಂದು ಮೊದಲೇ ದರ್ಜೆ ಕಟ್ಟಿ ಪ್ರಕಟಿಸಿದರು; ಅಪ್ರಾಪ್ತ ಮಕ್ಕಳ ತಂಡಗಳು ಯಾವ ದರ್ಜೆಯ ದಾರಿಗೆ, ಯಾರ ಜೊತೆಗೆ ಹೋಗಬಹುದೆಂದು ನಿಯಮ ಮಾಡಿದರು. ಬೆಟ್ಟ ಬೇಡವೆಂದು ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕಲಿಲ್ಲ.

ಗುಲ್ಮಾರ್ಗದಲ್ಲಿ ಗೊಂಡೊಲಾ ಹತ್ತಿದವನು ಕೆಲವೇ ನಿಮಿಷಗಳಲ್ಲಿ ಅಫರ್ವತದ ಮೇಲೆ, ಹತ್ತಿರ ಹತ್ತಿರ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಇರುತ್ತಾನೆ. ನಡೆದು ಏರಿದವನಿಗೆ ದಾರಿಯೇ ಅರ್ಧ ಪಾಠ ಹೇಳುತ್ತದೆ. ತಂತಿಯಲ್ಲಿ ತೂಗಿಬಂದವನಿಗೆ ಹೇಳುವವರು ಯಾರು? ಅಲ್ಲಿ 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ರಷ್ಯದ ಒಬ್ಬ, ಹೀಗೆಯೇ ಸತ್ತರು. ಹಿಮಕುಸಿತದ ಎಚ್ಚರಿಕೆಗಳು ಹೊರಡುತ್ತವೆ, ಸುಳ್ಳಲ್ಲ. ಆದರೆ ಜಿಲ್ಲೆಗೆ ಜಿಲ್ಲೆಯನ್ನೇ ಹೆಸರಿಸುವ ಎಚ್ಚರಿಕೆಯನ್ನು ಓದಿಕೊಂಡು, ಎದುರಿಗಿರುವ ಈ ಒಂದು ಇಳಿಜಾರಿಗೆ ಅದನ್ನು ಹೊಂದಿಸುವ ಕಣ್ಣು ಹುಡುಗನಿಗೆ ಬೇಡವೆ?

ಸಾಹಸಕ್ಕೆ ಕಟ್ಟುಕಟ್ಟಳೆ ತಂದರೆ ಸಾಹಸವೇ ಸಾಯುತ್ತದೆಂಬ ವಾದಕ್ಕೆ ನಾನು ಹೆಚ್ಚು ಹೊತ್ತು ಕೊಡಲಾರೆ. ನಮ್ಮ ಹಳ್ಳಿಗಳಲ್ಲಿ ಮಗುವನ್ನು ಬಾವಿಗೆ ಇಳಿಸುವ ಮೊದಲು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರು, ಮೆಟ್ಟಿಲು ಎಲ್ಲಿದೆ, ಕೆಸರು ಎಲ್ಲಿದೆ ಎಂದು ತೋರಿಸುತ್ತಿದ್ದರು. ಅದರಿಂದ ಈಜುಗಾರರು ಕಡಿಮೆಯಾದರೆ?

ಇನ್ನು ಖರ್ಚಿನ ಮಾತು. ಬೀಕನ್, ಸಲಿಕೆ, ಚುಚ್ಚಿ ನೋಡುವ ಸರಳು, ಈ ಮೂರಕ್ಕೂ ದುಡ್ಡು ಬೇಕು; ಪ್ರತಿ ಹುಡುಗನೂ ಕೊಳ್ಳಲಾರ. ಸ್ಕೀಯನ್ನೂ ಬೂಟನ್ನೂ ಬಾಡಿಗೆಗೆ ಕೊಡುವ ಶಿಬಿರಗಳು ಇವನ್ನೂ ಕೊಡಲಿ, ಶುಲ್ಕದಲ್ಲಿ ಸೇರಿಸಲಿ. ಇವನ್ನು ಕಟ್ಟಿಕೊಳ್ಳದ, ಬಳಸಲು ಬಾರದ ಹುಡುಗನನ್ನು ಹದಮಾಡಿದ ದಾರಿಯಿಂದಾಚೆಗೆ ಬಿಡದಿರಲಿ. ಸ್ವಿಟ್ಜರ್ಲೆಂಡಿನ ಲೆಕ್ಕದ ಪ್ರಕಾರ, ಪೂರ್ತಿ ಹೂತವನನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆಯಾದರೆ ಮೂವರು. ಪೊಲೀಸರಿಗೂ ಸೈನಿಕರಿಗೂ ಹೇಳಿಕಳಿಸಲು ಅಲ್ಲಿ ಸಮಯವಿಲ್ಲ. ಪಕ್ಕದಲ್ಲಿರುವ ಗೆಳೆಯನೇ ಅಗೆಯಬೇಕು. ಅದಕ್ಕೆ ಬೇಕಾದ ಅಭ್ಯಾಸವೂ ದೊಡ್ಡದಲ್ಲ. ಒಂದು ಬೀಕನ್ನನ್ನು ಗೋಣಿಚೀಲದಲ್ಲಿ ಕಟ್ಟಿ, ಶಿಬಿರದ ಪಕ್ಕದ ಮಟ್ಟಸವಾದ ಜಾಗದಲ್ಲೇ ಒಂದು ಮೀಟರ್ ಆಳಕ್ಕೆ ಹೂಳಿ, ಗಡಿಯಾರ ಹಿಡಿದು, ಹುಡುಗರನ್ನು ಹುಡುಕಲು ಬಿಡಬೇಕು. ಎರಡು ವಾರದ ಶಿಬಿರದಲ್ಲಿ ನಾಲ್ಕು ಮಧ್ಯಾಹ್ನ ಸಾಕು.