ಕ್ಯಾಂಪಿನ ಉದ್ರಿ ಪುಸ್ತಕ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಗಂಗಾವತಿ–ಕಾರಟಗಿ ರಸ್ತೆಯ ಪಕ್ಕದ ಕ್ಯಾಂಪೊಂದರ ಶಾಲೆಯಲ್ಲಿ 1971ರಿಂದ ಆರು ವರ್ಷ ನಾನು ಮಾಸ್ತರನಾಗಿದ್ದೆ. ಆಗ ಅವನು ಮೂರನೆಯ ತರಗತಿಯ ಹುಡುಗ. ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ. “ಸರ್, ನಮ್ಮ ಕ್ಯಾಂಪು ಆಗಿ ಎಪ್ಪತ್ತು ವರ್ಷ ಆತ್ರಿ. ಸ್ಮರಣ ಸಂಚಿಕೆ ತರಾಕತ್ತೀವಿ. ಮುನ್ನುಡಿ ನೀವೇ ಬರದ್ ಕೊಡ್ಬೇಕ್ರಿ” ಎಂದ. ಒಪ್ಪಿದೆ. ಮರುದಿನ ಸಂಚಿಕೆಯ ಕರಡನ್ನು ಕಳುಹಿಸಿದ. ಓದಿದ ಮೇಲೆ ನನ್ನ ಲೇಖನಿ ನಿಂತಿತು.

ಕರಡಿನ ಮೊದಲ ವಾಕ್ಯವೇ ಹೀಗಿದೆ: ನಮ್ಮ ಹಿರಿಯರು ಬರುವ ಮೊದಲು ಇಲ್ಲಿ ಏನೂ ಇರಲಿಲ್ಲ.

ಇತ್ತಲ್ಲ! ಕರಿಯ ಎರೆಭೂಮಿಯಿತ್ತು. ಹಿಂಗಾರಿ ಜೋಳ, ಹತ್ತಿ, ಕುಸುಬೆ ಬೆಳೆಯುತ್ತಿದ್ದವು. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಿದ್ದರೆಂಬುದು ಸತ್ಯ. ಹಾಗೆಂದು ಅದನ್ನು ಯಾರೂ ಇಲ್ಲದ ಬಯಲು ಎನ್ನಲಾದೀತೇ? ನನ್ನ ಸೋದರಮಾವನ ಎಂಟು ಎಕರೆ ಅದೇ ಬಯಲಿನಲ್ಲಿತ್ತು.

ಕಿರಿಯ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಎಡದಂಡೆ ನಿಜಾಮರದು, ಬಲದಂಡೆ ಮದರಾಸು ಸರ್ಕಾರದ್ದು. 1953ರಲ್ಲಿ ಕಾಲುವೆಗೆ ನೀರು ಬಂತು. ಆಗ ನಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು; 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯ ನೀರನ್ನು ಬರಗಾಲ ತಡೆಯಲೆಂದು ತೆಳುವಾಗಿ ಹರಡಿ, ಹೆಚ್ಚಿನ ಭೂಮಿಯಲ್ಲಿ ಅರೆ ನೀರಾವರಿಯ ಬೆಳೆ ತೆಗೆಯಬೇಕೆಂಬುದು ಸರ್ಕಾರದ ಲೆಕ್ಕವಾಗಿತ್ತು. ಕೃಷ್ಣಾ, ಗೋದಾವರಿ ಮುಖಜ ಭೂಮಿಯಿಂದ ಬಂದ ರೈತರ ಲೆಕ್ಕವೇ ಬೇರೆಯಾಗಿತ್ತು. ಊರಿನಲ್ಲಿ ಒಂದು ಎಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡರು. ಮಡಿ ಕಟ್ಟಿದರು, ಭತ್ತ ಹಚ್ಚಿದರು. ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡದ್ದೇ ಕ್ಯಾಂಪು. ಸಿಂಧನೂರಿನ ಕಡೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರ ಕ್ಯಾಂಪುಗಳೂ ಇವೆ. ಅವುಗಳ ಕಥೆಯೇ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ನಾನು ಹೋಗುವ ವೇಳೆಗೆ ಕ್ಯಾಂಪಿನಲ್ಲಿ ಒಂದು ಕಿರಾಣಿ ಅಂಗಡಿ, ಒಂದು ಚಹಾದ ಹೋಟೆಲು, ಸೈಕಲ್ ರಿಪೇರಿಯವನೊಬ್ಬ, ಹಲ್ಲರ್ ಹಾಕಿದ ಅಕ್ಕಿ ಗಿರಣಿಯೊಂದು, ಇಷ್ಟಿದ್ದವು. ಕಿರಾಣಿ ಅಂಗಡಿಯೆಂದರೆ ತಗಡಿನ ಶೆಡ್ಡು. ಸೀಮೆಎಣ್ಣೆ, ಬೆಲ್ಲ, ಬೀಡಿ, ಗೊಬ್ಬರ, ಸ್ಲೇಟು, ಬಳಪ ಎಲ್ಲವೂ ಅಲ್ಲೇ. ರೊಕ್ಕ ಕಾಣುತ್ತಿದ್ದುದು ಸುಗ್ಗಿಯಲ್ಲಿ ಮಾತ್ರ. ಉಳಿದಂತೆ ಎಲ್ಲವೂ ಉದ್ರಿ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಅಂಗಡಿಯವರು ತೆಲುಗಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ನನ್ನ ಸಂಬಳ ಮೂರು ತಿಂಗಳು ತಡವಾದಾಗ ನಾನೂ ಆ ಪುಸ್ತಕದಲ್ಲಿ ಸೇರಿದೆ. ಮಾಸ್ತರರ ಪುಟಕ್ಕೆ ಅವರು ಬಡ್ಡಿ ಹಚ್ಚಲಿಲ್ಲ. ಇದನ್ನು ಹೇಳದಿದ್ದರೆ ನಾನು ಉಪಕಾರಗೇಡಿಯಾದೇನು. ಕೂಲಿಯವರ ಪುಟಕ್ಕೆ ಹಚ್ಚುತ್ತಿದ್ದರು. ಗೊಬ್ಬರ ಉದ್ರಿ ಒಯ್ದ ಸಣ್ಣ ರೈತ ತನ್ನ ಭತ್ತವನ್ನು ಅದೇ ಅಂಗಡಿಗೆ, ಅವರು ಹೇಳಿದ ದರಕ್ಕೆ ಅಳೆಯಬೇಕಿತ್ತು. ಲೆಕ್ಕ ಮುಗಿದಾಗ ಅವನ ಕೈಗೆ ಬರುತ್ತಿದ್ದುದು ಕೆಲವೊಮ್ಮೆ ಖಾಲಿ ಚೀಲಗಳು ಮಾತ್ರ. ಕ್ಯಾಂಪಿನ ಮೊದಲ ಬಂಡವಾಳ ಬೆಳೆದದ್ದು ಗದ್ದೆಯಲ್ಲಿ ಎಷ್ಟೋ, ಆ ಪುಸ್ತಕದಲ್ಲೂ ಅಷ್ಟೇ ಎಂದು ನನ್ನ ಅಭಿಪ್ರಾಯ.

ನಾಟಿಯ ಕಾಲಕ್ಕೆ ನಮ್ಮ ಕುಷ್ಟಗಿ ತಾಲೂಕಿನ ತಾವರಗೇರಾ, ಹನುಮಸಾಗರದ ಕಡೆಯಿಂದ ಹೆಂಗಸರು ಗುಂಪು ಗುಂಪಾಗಿ ಬರುತ್ತಿದ್ದರು. ಹಬ್ಬಕ್ಕಷ್ಟೇ ಅನ್ನ ಕಂಡಿದ್ದ ಜೋಳದ ನಾಡಿನವರು ಮೊಣಕಾಲುದ್ದದ ಕೆಸರಿನಲ್ಲಿ ದಿನವಿಡೀ ಬಗ್ಗಿ ಸಸಿ ಹಚ್ಚುತ್ತಿದ್ದರು. ಅವರ ಮಕ್ಕಳು ಎರಡು ತಿಂಗಳು ನನ್ನ ಶಾಲೆಯ ಜಗುಲಿಯ ಮೇಲೆ ಕುಳಿತು ಅಕ್ಷರ ತಿದ್ದಿ, ಮತ್ತೆ ಕಾಣೆಯಾಗುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಬರೆಯದೆ ಬಿಟ್ಟವನು ನಾನೇ.

ಸೋದರಮಾವ ಭೂಮಿ ಮಾರಿದ್ದು 1958ರಲ್ಲಿ. ನೆಲ ಸಮ ಮಾಡಲು ರೊಕ್ಕವಿರಲಿಲ್ಲ, ನೀರಿನ ಕರದ ಹೆದರಿಕೆಯಿತ್ತು, ಮಗಳ ಮದುವೆಯಿತ್ತು. ಕೊಂಡವರು ಮೋಸ ಮಾಡಲಿಲ್ಲ. ಆಗಿನ ದರವನ್ನೇ ಕೊಟ್ಟರು. ಹತ್ತು ವರ್ಷಗಳ ನಂತರ ಅವರು ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರು. ಬದುವಿನ ಬೇವಿನ ಮರವನ್ನು ಮಾತ್ರ ಕಡಿಯಬೇಡಿರೆಂದು ಬೇಡಿಕೊಂಡಿದ್ದರಂತೆ. ಹೊಸ ಯಜಮಾನರು ಕಡಿಯಲಿಲ್ಲ.

ಆದ್ದರಿಂದಲೇ “ಆಂಧ್ರದವರು ಬಂದು ನಮ್ಮನ್ನು ಲೂಟಿ ಮಾಡಿದರು” ಎಂದು ಕುಷ್ಟಗಿಯ ಕಟ್ಟೆಯ ಮೇಲೆ ಕುಳಿತು ಮಾತನಾಡುವವರನ್ನೂ ನಾನು ಒಪ್ಪಲಾರೆ. ಹಾವು ಚೇಳುಗಳ ನಡುವೆ, ದೀಪವಿಲ್ಲದ ಗುಡಿಸಲಿನಲ್ಲಿ ಮಲೇರಿಯಾ ಜ್ವರದಿಂದ ನಡುಗುತ್ತ ಮಡಿ ಕಟ್ಟಿದವರನ್ನು ಕಂಡಿದ್ದೇನೆ. ಗಂಗಾವತಿ ಭತ್ತದ ಕಣಜವೆನಿಸಿದ್ದರಲ್ಲಿ ಅವರ ಬೆವರಿದೆ. ಆದರೆ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಂತೆ ಕಾಲುವೆಯ ಕೊನೆಯ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ಕಡಿಮೆಯಾಯಿತು; ಇತ್ತ ಎಷ್ಟೋ ಎರೆಭೂಮಿ ಸವಳು-ಜವಳಾಯಿತು. ಸಂಚಿಕೆಯಲ್ಲಿ ಇದರ ಸುದ್ದಿಯೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕ್ಯಾಂಪಿನವರಿಗೂ ಮಾನ್ವಿಯವರಿಗೂ ಆದ ದಿಗಿಲು ಒಂದೇ.

ಸಂಚಿಕೆಯಲ್ಲಿ ‘ಊರು ಕಟ್ಟಿದವರು’ ಎಂಬ ತಲೆಬರಹದ ಕೆಳಗೆ ಹನ್ನೊಂದು ಭಾವಚಿತ್ರಗಳಿವೆ. ಭೂಮಿ ಕೊಂಡವರು, ಗಿರಣಿ ಹಾಕಿದವರು, ಅಂಗಡಿ ಇಟ್ಟವರು. ಭೂಮಿ ಕೊಟ್ಟವರು ಒಬ್ಬರೂ ಇಲ್ಲ, ನಾಟಿ ಹಚ್ಚಿದವರು ಒಬ್ಬರೂ ಇಲ್ಲ. ಹನ್ನೊಂದು ಚಿತ್ರಗಳನ್ನೂ ಇಡಲಿ, ನನ್ನ ತಕರಾರಿಲ್ಲ. ಉಳಿದವರಿಗೂ ಪುಟ ಕೊಡಲಿ.

ಅವರ ಚಿತ್ರಗಳು ಎಲ್ಲಿ ಸಿಗುತ್ತವೆ ಎಂದು ಶಿಷ್ಯ ಕೇಳಿದ. ಚಿತ್ರಗಳು ಸಿಗಲಿಕ್ಕಿಲ್ಲ, ಹೆಸರುಗಳು ಸಿಗುತ್ತವೆ ಎಂದೆ. ಆ ಕಿರಾಣಿ ಅಂಗಡಿ ಅವನ ತಂದೆಯದೇ. ಹಳೆಯ ಉದ್ರಿ ಪುಸ್ತಕಗಳು ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿವೆಯೆಂದು ಅವನೇ ಹಿಂದೊಮ್ಮೆ ನನಗೆ ಹೇಳಿದ್ದ. ಅದರಲ್ಲಿಯ ಹೆಸರುಗಳನ್ನು, ಸಾಲದ ಮೊತ್ತ ಬಿಟ್ಟು, ಊರಿನೊಂದಿಗೆ ಅಚ್ಚು ಹಾಕಿದರೆ ಮುನ್ನುಡಿ ಕಳುಹಿಸುತ್ತೇನೆ ಎಂದಿದ್ದೇನೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಪೆಟ್ಟಿಗಿ ಕೀಲಿ ಅಣ್ಣನ ಹತ್ರ ಐತ್ರಿ ಸರ್, ಕೇಳಿ ನೋಡ್ತೀನ್ರಿ” ಎಂದ.